ತಿಂಗಳಿಗೆ ಎರಡು ದಿನದ ಲೆಕ್ಕ

ಅಮೆರಿಕದ ಶಾಲೆಗಳಲ್ಲಿ ವರ್ಷದ ಶೇ 10ರಷ್ಟು ಅಥವಾ ಅದಕ್ಕಿಂತ ಹೆಚ್ಚು ದಿನ ತಪ್ಪಿಸಿಕೊಂಡ ಮಗುವನ್ನು ಸಾಮಾನ್ಯವಾಗಿ ‘ದೀರ್ಘಕಾಲಿಕ ಗೈರುಹಾಜರಿ’ ಪಟ್ಟಿಗೆ ಸೇರಿಸುತ್ತಾರೆ. 180 ದಿನಗಳ ವರ್ಷದಲ್ಲಿ ಅದು 18 ದಿನ. ತಿಂಗಳಿಗೆ ಎರಡೇ ದಿನ. ಜ್ವರ ಬಂದು ರಜಾಚೀಟಿ ಕೊಟ್ಟದ್ದೂ ಲೆಕ್ಕಕ್ಕೆ ಬರುತ್ತದೆ, ಸುಮ್ಮನೆ ಚಕ್ಕರ್ ಹೊಡೆದದ್ದೂ ಬರುತ್ತದೆ. ಶಾಲೆಯ ಸರಾಸರಿ ಹಾಜರಿ ಶೇ 95 ಇದ್ದರೂ ನೆಮ್ಮದಿಪಡುವಂತಿಲ್ಲ. ಉಳಿದ ಐದರಲ್ಲಿ ಪದೇ ಪದೇ ಅದೇ ಮಕ್ಕಳಿರಬಹುದು.

ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ ಸೇಬು, ಚೆರ್‍ರಿ ತೋಟ. ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ ದ್ರಾಕ್ಷಿ, ಬಾದಾಮಿ. ಇಂಥ ಊರುಗಳಲ್ಲಿ ತೋಟದಲ್ಲಿ ದುಡಿಯುವ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಕುಟುಂಬಗಳ ಮಕ್ಕಳು ಶಾಲೆಗೆ ಬಾರದಿದ್ದರೆ ‘ಆ ಮನೆಯವರಿಗೆ ಓದಿನ ಬೆಲೆ ಗೊತ್ತಿಲ್ಲ’ ಎಂದುಬಿಡುವುದು ಸುಲಭ. ಆಮೇಲೆ ಶಾಲೆ ಮಾಡಬೇಕಾದ್ದು ಏನೂ ಉಳಿಯುವುದಿಲ್ಲವಲ್ಲ! ಸ್ಪ್ಯಾನಿಷ್‌ನ ‘ಎದುಕಾಸಿಯೋನ್’ ಬರೀ ಓದಲ್ಲ. ನಡತೆ, ಮರ್ಯಾದೆಯೂ ಅದರಲ್ಲಿ ಸೇರಿದೆ, ನಮ್ಮ ‘ಸಂಸ್ಕಾರ’ದ ಹಾಗೆ. ತಮ್ಮನಿಗೆ ಜ್ವರ ಬಂದಾಗ ಅಕ್ಕ ಮನೆಯಲ್ಲಿ ಉಳಿದಳೆಂದರೆ, ಆ ಮನೆಯ ಲೆಕ್ಕದಲ್ಲಿ ಅದು ಹೊಣೆಗಾರಿಕೆ.

ನಿಜವಾದ ಕಾರಣ ತಿಳಿಯಬೇಕಾದರೆ, ಶಾಲೆಯವರೇ, ಮೊದಲು ಒಂದೊಂದು ಮಗುವಿನ ಗೈರಿನ ತಾರೀಖುಗಳನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ಅಲ್ಲೊಂದು ಇಲ್ಲೊಂದು ಬಿಡಿ ದಿನಗಳಿದ್ದರೆ ಬಸ್ಸನ್ನು ಅನುಮಾನಿಸಿ. ಹಳ್ಳಿಗೆ ಬೆಳಿಗ್ಗೆ ಬರುವುದು ಒಂದೇ ಶಾಲಾ ಬಸ್ಸು, ಅಪ್ಪ ಅಮ್ಮ ಬೆಳಕು ಹರಿಯುವ ಮುಂಚೆ ತೋಟಕ್ಕೆ ಹೋಗಿರುತ್ತಾರೆ, ವಲಸೆ ದಾಖಲೆಯಿಲ್ಲದವರಿಗೆ ಹಲವು ರಾಜ್ಯಗಳಲ್ಲಿ ಡ್ರೈವಿಂಗ್ ಲೈಸೆನ್ಸೇ ಇಲ್ಲ. ಬಸ್ಸು ತಪ್ಪಿದರೆ ಆ ದಿನ ಹೋಯಿತು. ಅಣ್ಣ ತಂಗಿ ಒಂದೇ ದಿನ ಬಂದಿಲ್ಲವೇ? ಆಸ್ಪತ್ರೆಯಲ್ಲಿ ಅಮ್ಮನ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಹೋಗಿರಬಹುದು. ಡಿಸೆಂಬರಿನಿಂದ ಜನವರಿ 6ರ ಕ್ರೈಸ್ತರ ಮೂರು ರಾಜರ ಹಬ್ಬದವರೆಗೆ ಸಾಲಾಗಿ ಗೈರಾದರೆ ಮೆಕ್ಸಿಕೊ ಪ್ರಯಾಣವಿರಬಹುದು. ನವೆಂಬರಿನಲ್ಲೇ ಕೇಳಿ ಪಾಠ ಕಟ್ಟಿಕೊಡಬೇಕು. ಸುಗ್ಗಿ ಹಿಂದೆ ಊರು ಬಿಟ್ಟ ಕುಟುಂಬವಾದರೆ ಕಳೆದ 36 ತಿಂಗಳ ವಲಸೆ ವಿಚಾರಿಸಿ. ಅರ್ಹರಿಗೆ ಫೆಡರಲ್ ವಲಸೆ ಶಿಕ್ಷಣ ಯೋಜನೆಯಿದೆ.

ಒಂದೇ ದಿನ ಹತ್ತಾರು ಮನೆಯ ಮಕ್ಕಳು ಬಾರದಿದ್ದರೆ ಕಾರಣ ವಲಸೆ ಅಧಿಕಾರಿಗಳ ಭಯವಿರಬಹುದು. ದಾಖಲೆಯಿಲ್ಲದ ಮಕ್ಕಳಿಗೂ ಶಾಲೆಯ ಹಕ್ಕಿದೆ ಎಂದು 1982ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಶಾಲೆಯಂಥ ಜಾಗಗಳಲ್ಲಿ ವಲಸೆ ಅಧಿಕಾರಿಗಳ ಕಾರ್ಯಾಚರಣೆಗೆ ಮಿತಿ ಹಾಕಿದ್ದ ಮಾರ್ಗಸೂಚಿಯನ್ನು 2025ರ ಜನವರಿಯಲ್ಲಿ ಸರ್ಕಾರ ತೆಗೆದುಹಾಕಿತು. ಇಂಥ ಮನೆಗೆ ಗೈರಿನ ಬಗ್ಗೆ ಕಾನೂನಿನ ಕಲಮು ನಮೂದಿಸಿದ ನೋಟಿಸು ಹೋದರೆ ಬಾಗಿಲು ಇನ್ನಷ್ಟು ಬಿಗಿಯುತ್ತದೆ.

ಮೂರನೇ ಗೈರಿಗೇ ಫೋನ್ ಮಾಡಿ, ಹೊಲದ ಕೆಲಸ ಮುಗಿದ ಮೇಲೆ. ಮನೆಮಾತು ಸ್ಪ್ಯಾನಿಷ್ ಎಂದು ಊಹಿಸಬೇಡಿ. ಮೆಕ್ಸಿಕೊದ ಓಹಾಕಾ ರಾಜ್ಯದ ಕಡೆಯವರಲ್ಲಿ ಹಲವರ ಮನೆಮಾತು ಮಿಶ್ಟೆಕೊ ಎಂಬ ಮೂಲನಿವಾಸಿಗಳ ಭಾಷೆ. ಸ್ಪ್ಯಾನಿಷ್‌ನ ರೆಕಾರ್ಡ್ ಮಾಡಿದ ಕರೆ ಅವರಿಗೆ ಇಂಗ್ಲಿಷಿನಷ್ಟೇ ದೂರ.