ಕೂದಲೆಳೆಯಷ್ಟು ಬಿರುಕು

ಆ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿದ್ದ ಕತ್ತಿಯನ್ನು ಎರಡು ವಾರ ಸುಮ್ಮನೆ ನೋಡಿಕೊಂಡು ಬಂದಿದ್ದೆ. ಒಸಾಕಾದಲ್ಲಿ ಆಫೀಸಿನಿಂದ ಮನೆಗೆ ನಡೆಯುವ ದಾರಿಯಲ್ಲೇ ಅದು ಸಿಗುತ್ತಿತ್ತು. ಅಲಗಿನ ಮೇಲೆ ಕೆಂಪು ತುಕ್ಕಿನ ಚುಕ್ಕೆಗಳು, ಬಾಯಿಯಲ್ಲಿ ಮೂರು ಕಡೆ ಚಕ್ಕೆ ಎದ್ದಿದೆ, ಹಿಡಿಯ ದಾರ ಬಿಚ್ಚಿಕೊಂಡಿದೆ. ಚೀಟಿಯಲ್ಲಿ 1,80,000 ಯೆನ್. ಚೆನ್ನಾಗಿರುವ ಕತ್ತಿಗಳ ಬೆಲೆ ಕೇಳಿ ಬೆಚ್ಚಿದವನಿಗೆ ಇದು ಕೈಗೆಟಕುವ ಹಾಗೆ ಕಂಡಿತು. ರಿಪೇರಿ ಮಾಡಿಸಿಕೊಂಡರಾಯಿತು ಅಂತ ಮನಸ್ಸಿನಲ್ಲೇ ಗೋಡೆಗೆ ನೇತುಹಾಕಿಯೂ ಆಗಿತ್ತು.

ಮೂರನೇ ಶನಿವಾರ ನನ್ನ ಹಳೆಯ ಸೀನಿಯರ್ ಒಬ್ಬರನ್ನು ಕರೆದುಕೊಂಡು ಹೋದೆ. ರಿಟೈರ್ ಆದಮೇಲೆ ಅವರಿಗೆ ಕತ್ತಿ ನೋಡುವುದೇ ಕಸುಬು. ಕೊಳ್ಳುವುದು ಅಪರೂಪ, ನೋಡುವುದು ಜಾಸ್ತಿ. ಇಲ್ಲಿಯವರ ಹಾಗೆ ನಾನೂ ಅವರನ್ನು ಸೆನ್ಪಾಯ್ ಅಂತಲೇ ಕರೆಯುತ್ತೇನೆ.

ಅಂಗಡಿಯ ಯಜಮಾನರು ಕತ್ತಿ ತಂದಿಟ್ಟು, ಜೊತೆಗೆ ಒಂದು ಕಾಗದವನ್ನೂ ಚಾಚಿದರು. ನಾನು ಖುಷಿಯಿಂದ, "ಸರ್ಟಿಫಿಕೇಟ್ ಇದೆ ನೋಡಿ" ಅಂದೆ. ಸೆನ್ಪಾಯ್ ನಕ್ಕರು. "ಅದು ರಿಜಿಸ್ಟ್ರೇಷನ್. ಗಾಡಿಗೆ ಆರ್‌ಸಿ ಇದ್ದ ಹಾಗೆ. ಎಂಜಿನ್ ಹೇಗಿದೆ ಅಂತ ಅದು ಹೇಳುತ್ತಾ?" ನಿಜವೇ. ತೊರೊಕುಶೋ ಅನ್ನುವ ಆ ಕಾಗದದಲ್ಲಿ ಉದ್ದ, ಬಾಗು, ಹಿಡಿಯೊಳಗಿನ ತೂತುಗಳ ಲೆಕ್ಕ, ಕೆತ್ತಿರುವ ಹೆಸರು ಇಷ್ಟೇ ಇರುತ್ತವೆ. ಅದಿಲ್ಲದೆ ಜಪಾನಿನಲ್ಲಿ ಕತ್ತಿ ಮಾರುವ ಹಾಗಿಲ್ಲ. ಗುಣ ನೋಡಿ ಕೊಡುವ ಪತ್ರಗಳೇ ಬೇರೆ. 1948ರಲ್ಲಿ ಶುರುವಾದ ಕತ್ತಿ ಸಂರಕ್ಷಣೆಯ ಸಂಘವೊಂದು ಅವನ್ನು ಕೊಡುತ್ತದೆ. ಇದಕ್ಕೆ ಅದಿರಲಿಲ್ಲ.

ಸೆನ್ಪಾಯ್ ಮೊದಲು ಹಿಡಿ ಬಿಚ್ಚಿಸಿದರು. ಬಿದಿರಿನ ಚಿಕ್ಕ ಮೊಳೆಯೊಂದೇ ಅಷ್ಟೂ ಹಿಡಿದಿಟ್ಟಿರುತ್ತದೆ. ಪುಟ್ಟ ಹಿತ್ತಾಳೆ ಸುತ್ತಿಗೆಯಿಂದ ಅದನ್ನು ಹೊರದಬ್ಬಿ, ಎಡಗೈಯಲ್ಲಿ ಕತ್ತಿಯನ್ನು ನೆಟ್ಟಗೆ ಹಿಡಿದು, ಆ ಕೈಯ ಮಣಿಕಟ್ಟಿಗೆ ಬಲಗೈ ಮುಷ್ಟಿಯಿಂದ ಹಗೂರಕ್ಕೆ ಗುದ್ದಿದರು. ಎರಡೇಟಿಗೆ ಅಲಗು ಸಡಿಲವಾಗಿ ಮೇಲೆದ್ದಿತು. ಲವಂಗದ ವಾಸನೆ ಹಬ್ಬಿತು. ಸವರುವ ಎಣ್ಣೆಗೆ ಲವಂಗ ಬೆರೆಸುತ್ತಾರೆ. ಪಲಾವು ನೆನಪಾಗಿ, ಅಷ್ಟು ಗಂಭೀರವಾದ ಹೊತ್ತಿನಲ್ಲಿ ನನಗೆ ಹಸಿವಾಯಿತು.

ಹಿಡಿಯೊಳಗೆ ಅಡಗಿದ್ದ ಭಾಗ ಕಾವಲಿಯ ತಳದಷ್ಟು ಕಪ್ಪಗಿತ್ತು. ಹಿಂದಿನ ರಾತ್ರಿ ಫೋನಿನಲ್ಲಿ ಅಪ್ಪ, "ತುಕ್ಕಾದ್ರೆ ಇಟ್ಟಿಗೆ ಪುಡಿ ಹಾಕಿ ತಿಕ್ಕೋ, ಆಯುಧಪೂಜೆಗೆ ನಾವು ಮಚ್ಚುಗತ್ತಿ ತಿಕ್ಕಲ್ವಾ" ಅಂದಿದ್ದರು. ಅದನ್ನು ಹೇಳಿದೆ. ಯಜಮಾನರು ಅಂಗಡಿಗೆ ಬೆಂಕಿ ಬಿತ್ತೇನೋ ಅನ್ನುವಂತೆ ನೋಡಿದರು. ಆ ಕಪ್ಪು ತುಕ್ಕೇ ಕತ್ತಿಯ ಜಾತಕವಂತೆ. ವಯಸ್ಸು ಗೊತ್ತಾಗುವುದು ಅದರ ಬಣ್ಣದಿಂದ, ಅರದ ಗೀರುಗಳಿಂದ. ಅದನ್ನು ತಿಕ್ಕಿ ತೆಗೆದರೆ ಕತ್ತಿಯ ಬೆಲೆಯೂ ಅದರ ಜೊತೆ ಹೋಯಿತು.

ಆ ಕಪ್ಪಿನ ಮೇಲೆ ಹೆಸರಿತ್ತು: ತ್ಸುದಾ ಎಚಿಝೆನ್ ನೊ ಕಾಮಿ ಸುಕೆಹಿರೊ. ಹದಿನೇಳನೇ ಶತಮಾನದಲ್ಲಿ ಇದೇ ಒಸಾಕಾದಲ್ಲಿದ್ದ ದೊಡ್ಡ ಕಮ್ಮಾರ. ಬಾಯಿಯ ಉದ್ದಕ್ಕೂ ಸಮುದ್ರದ ಅಲೆ ಎದ್ದಂತೆ ಹದದ ಗೆರೆ ಮೂಡಿಸಿ ಹೆಸರು ಮಾಡಿದವನು. ನನ್ನ ಎದೆ ಹೊಡೆದುಕೊಳ್ಳುವಷ್ಟರಲ್ಲಿ ಸೆನ್ಪಾಯ್ ಭೂತಗನ್ನಡಿ ಕೊಟ್ಟರು. ಅಕ್ಷರದ ಸುತ್ತ ಕಡುಗಪ್ಪು, ಉಳಿ ಬಿದ್ದ ಗೀರಿನೊಳಗೆ ಕಂದು. ಲೋಹ ಹಳೆಯದು, ಹೆಸರು ಆಮೇಲಿನದು. "ಸುಕೆಹಿರೊ ಹೆಸರು ಕೆತ್ತಿದವರು ಸುಕೆಹಿರೊಗಿಂತ ಜಾಸ್ತಿ ಇದ್ದಾರೆ" ಅಂದರು. ಹಾಗಂತ ಕತ್ತಿಯನ್ನು ತಳ್ಳಿಹಾಕಲಿಲ್ಲ. ಸುಳ್ಳು ಹೇಳಿದ್ದು ಹೆಸರು, ಕಬ್ಬಿಣದ್ದೇನು ತಪ್ಪು?

ಆಮೇಲೆ ಚಕ್ಕೆಗಳು. ನಾನು ಹೆದರಿದ್ದೇ ಅವಕ್ಕೆ, ಆದರೆ ಅವರು ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. ಬಾಯಿಯಂಚಿನ ಗಟ್ಟಿ ಉಕ್ಕು ಎಲ್ಲಿಯವರೆಗಿದೆ ಅಂತ ತೋರಿಸುವುದು ಆ ಹದದ ಗೆರೆ, ಹಮೋನ್. ಚಕ್ಕೆ ಎರಡು ಮಿಲಿಮೀಟರ್ ಆಳ, ಗೆರೆ ಅಲ್ಲಿ ಅದಕ್ಕಿಂತ ಎಷ್ಟೋ ಮೇಲಿದೆ. ಸಾಣೆ ಹಿಡಿದರೆ ಹೋಗುತ್ತದೆ. ತುದಿಯಲ್ಲಿ ಗೆರೆ ತಿರುಗಿ ಬೆನ್ನಿಗೆ ಸೇರಿದೆಯಾ ಅಂತಲೂ ನೋಡಿದರು. ಬೆಂಕಿಗೆ ಸಿಕ್ಕಿದ ಕತ್ತಿಯಲ್ಲಿ ಹದವೇ ಹಾರಿಹೋಗಿರುತ್ತದೆ. 1615ರಲ್ಲಿ ಒಸಾಕಾ ಕೋಟೆ ಉರಿದಾಗ ಒಳಗಿದ್ದ ಹೆಸರಾಂತ ಕತ್ತಿಗಳಿಗೂ ಹಾಗೇ ಆಯಿತು. ಗೆದ್ದ ತೊಕುಗವಾ ಇಯೆಯಾಸು ಅವುಗಳಲ್ಲಿ ಕೆಲವಕ್ಕೆ ಯಾಸುತ್ಸುಗು ಎಂಬ ಕಮ್ಮಾರನಿಂದ ಮತ್ತೆ ಹದ ಹಾಕಿಸಿದ. ಇದರಲ್ಲಿ ಗೆರೆ ತುದಿಯವರೆಗೂ ಇತ್ತು.

ಸಾಣೆಯ ಖರ್ಚು ಸುನ್ ಲೆಕ್ಕ. ಒಂದು ಸುನ್ ಅಂದರೆ ಮೂರು ಸೆಂಟಿಮೀಟರ್ ಚಿಲ್ಲರೆ. ಇದು ಇಪ್ಪತ್ತೆರಡು ಸುನ್. ಸುನ್ನಿಗೆ ಹತ್ತು ಸಾವಿರ ಹಿಡಿದರೂ 2,20,000 ಯೆನ್, ಅಂದರೆ ಕತ್ತಿಗಿಂತ ಸಾಣೆಯೇ ದುಬಾರಿ. ಒರೆ ಬೇರೆ. ಆದರೂ ಆಸೆ ಬಿಡಲಿಲ್ಲ. ಬೋನಸ್ಸಿಗೆ ಇನ್ನೆಷ್ಟು ತಿಂಗಳು ಅಂತ ಎಣಿಸುತ್ತಿದ್ದೆ.

ಸೆನ್ಪಾಯ್ ಮೇಜಿನ ದೀಪದ ಮುಸುಕು ತೆಗೆಸಿದರು. ತುದಿಯನ್ನು ಬಲ್ಬಿನ ಕಡೆಗೆ ಚಾಚಿ, ಅಲಗನ್ನು ಕಣ್ಣಿನ ಮಟ್ಟಕ್ಕೆ ತಂದು, ಇಷ್ಟಿಷ್ಟೇ ಹೊರಳಿಸಿದರು. ಬೆಳಕು ಬಾಯಿಯಂಚಿನ ಮೇಲೆ ಹನಿಯ ಹಾಗೆ ಜಾರುತ್ತಾ ಹೋಯಿತು. ಯಾರೂ ಮಾತಾಡಲಿಲ್ಲ. ಬತ್ತಲೆ ಅಲಗಿನ ಮುಂದೆ ಮಾತಾಡಿದರೆ ಎಂಜಲು ಹಾರಿ ತುಕ್ಕು ಹಿಡಿಯುತ್ತದೆ. ತುದಿಯಿಂದ ಒಂದು ಗೇಣು ಕೆಳಗೆ ಆ ಹನಿ ತಡವರಿಸಿತು. ಅವರು ಹಿಂದಕ್ಕೆ ಹೊರಳಿಸಿದರು. ಅದೇ ಜಾಗದಲ್ಲಿ ಮತ್ತೆ ತಡವರಿಸಿತು.

ಕತ್ತಿಯನ್ನು ಬಟ್ಟೆಯ ಮೇಲೆ ಮಲಗಿಸಿ ಬಾಯಿಬಿಟ್ಟರು: "ಹಗಿರೆ."

ನನಗೆ ಕಾಣಲು ಐದು ನಿಮಿಷ ಹಿಡಿಯಿತು. ಬಾಯಿಯಂಚಿನಿಂದ ನೆಟ್ಟಗೆ ಮೇಲಕ್ಕೆ ಹೋದ ಬಿರುಕು, ಅಕ್ಕಿಕಾಳಿನಷ್ಟೂ ಉದ್ದವಿಲ್ಲ, ಕೂದಲಿಗಿಂತ ಸಣ್ಣ. ಸಾಣೆಗೆ ಅದು ಬಗ್ಗುವುದಿಲ್ಲ. ಹೊಡೆತ ಬಿದ್ದರೆ ಕತ್ತಿ ಮುರಿಯುವುದು ಅಲ್ಲೇ. ಇವತ್ತು ಯಾರೂ ಕಾದಾಡುವುದಿಲ್ಲ, ಗೋಡೆಯ ಮೇಲೆ ನೇತಾಡುವುದಕ್ಕೆ ಅದರಿಂದೇನು ಅಂತ ಕೇಳಿದೆ. "ಕತ್ತಿಯ ಕೆಲಸ ಮಾಡಲಾರದ್ದನ್ನ ಕತ್ತಿ ಅಂತ ಇಟ್ಕೊಳ್ಳೋದು ಹೇಗೆ?" ಅಂದರು. ವಾದಕ್ಕೆ ಜಾಗವಿತ್ತು, ಆದರೆ ಅವರ ದನಿಯಲ್ಲಿ ಜಾಗವಿರಲಿಲ್ಲ.

ಯಜಮಾನರು ತಾವೇ ದೀಪದ ಕೆಳಗೆ ನೋಡಿದರು. ಒಂದೇ ಒಂದು ಸಲ ತಲೆಬಾಗಿಸಿ, ಪೆನ್ನು ತೆಗೆದು, ಚೀಟಿಯ ಮೇಲೆ "ಹಗಿರೆ ಇದೆ" ಅಂತ ಬರೆದರು. 1,80,000ವನ್ನು ಹೊಡೆದುಹಾಕಿ 60,000 ಮಾಡಿದರು.

ನನ್ನ ಕೈ ತಾನಾಗಿಯೇ ಜೇಬಿನ ಪರ್ಸಿನ ಮೇಲೆ ಹೋಯಿತು. ಸೆನ್ಪಾಯ್ ಆಗಲೇ ಬಾಗಿಲಲ್ಲಿ ಕೂತು ಶೂ ಹಾಕಿಕೊಳ್ಳುತ್ತಿದ್ದರು.