ತಂತಿ ಯಾವಾಗ ಅಂತ ಕೇಳಬೇಡಿ

ತುಮಕೂರಿಗೆ ಬಂದಾಗಲೆಲ್ಲ ಇದೇ ಪ್ರಶ್ನೆ: "ನಿಮ್ಮ ಸೂಪರ್‌ಕಂಡಕ್ಟರ್ ತಂತಿ ಯಾವಾಗ ಬರುತ್ತೆ? ಪಾವಗಡದ ಸೋಲಾರ್ ಕರೆಂಟನ್ನ ನಷ್ಟ ಇಲ್ದೆ ಬೆಂಗಳೂರಿಗೆ ಕಳಿಸ್ಬಹುದಲ್ವಾ?"

ಕರೆಂಟಿಗೆ ಒಂಚೂರೂ ತಡೆಯೊಡ್ಡದ ಈ ತಂತಿ ಆಗಲೇ ಇದೆ. ದ್ರವ ಸಾರಜನಕ ಹರಿಸಿ ಮೈನಸ್ 196 ಡಿಗ್ರಿ ಆಸುಪಾಸಿನಲ್ಲಿ ತಣ್ಣಗಿಡಬೇಕು, ಅಷ್ಟೇ. ಇಷ್ಟು ಹೇಳಿದರೆ "ಮತ್ತೆ ಇಷ್ಟು ವರ್ಷ ಏನ್ ಮಾಡಿದ್ರಿ?" ಅಂತಾರೆ. ಈ ಮಾತಿನಿಂದ ನನಗೆ ನಿಜಕ್ಕೂ ನೋವಾಗುತ್ತದೆ.

ಗುಬ್ಬಿಯ ಒಂದು ಮದುವೆಯಲ್ಲಿ ಪಕ್ಕದ ಎಲೆಗೆ ಕೂತಿದ್ದ ನಿವೃತ್ತ ಲೈನ್‌ಮನ್ ಒಬ್ಬರು ಮಾತ್ರ ಬೇರೆ ಥರ ಕೇಳಿದರು: "ಅದು ಯಾವಾಗ ಕೈಕೊಡುತ್ತೆ ಸ್ವಾಮಿ?"

ಎಂಥಾ ಪ್ರಶ್ನೆ! ಎಲ್ಲರೂ ಇದನ್ನೇ ಕೇಳಬಾರದಾ?

1986ರಲ್ಲಿ ಭೌತವಿಜ್ಞಾನಿಗಳಾದ ಬೆಡ್‌ನಾರ್ಟ್ಸ್ ಮತ್ತು ಮ್ಯುಲ್ಲರ್ ಕಂಡುಹಿಡಿದ, ಈ ತಂತಿಯ ಜಾತಿಗೆ ಸೇರಿದ ಮೊದಲ ವಸ್ತುವನ್ನೇ ನೋಡಿ. ಲ್ಯಾಂಥನಂ, ಬೇರಿಯಂ, ತಾಮ್ರದ ಆಕ್ಸೈಡ್. ಬೇರಿಯಂ ಜಾಸ್ತಿ ಮಾಡಿದಷ್ಟೂ ತಾಮ್ರದ ಪದರದಲ್ಲಿ ಎಲೆಕ್ಟ್ರಾನ್ ಕಡಿಮೆಯಾಗುತ್ತವೆ. ಸೂಪರ್‌ಕಂಡಕ್ಟರ್ ಆಗುವ ಉಷ್ಣತೆ ಸುಮಾರು 30 ಕೆಲ್ವಿನ್‌ವರೆಗೆ, ಅಂದರೆ ಮೈನಸ್ 243 ಡಿಗ್ರಿಯವರೆಗೆ, ಏರುತ್ತದೆ. ಎಂಟು ತಾಮ್ರದ ಪರಮಾಣುಗಳಿಗೆ ಒಂದು ಎಲೆಕ್ಟ್ರಾನ್ ಕಡಿಮೆ ಎನ್ನುವ ಹದಕ್ಕೆ ಬಂದಾಗ ಮಾತ್ರ ದಬಕ್ಕನೆ 5 ಕೆಲ್ವಿನ್‌ಗಿಂತ ಕೆಳಕ್ಕೆ ಬೀಳುತ್ತದೆ. ಇನ್ನಷ್ಟು ಬೇರಿಯಂ ಹಾಕಿ, ಮತ್ತೆ ಏರುತ್ತದೆ!

ಕಾರಣ, ಅಲ್ಲಿ ಎಲೆಕ್ಟ್ರಾನ್‌ಗಳು ಸಾಲು ಕಟ್ಟುತ್ತವೆ. ರಾಗಿ ಹೊಲದಲ್ಲಿ ಇಷ್ಟಿಷ್ಟು ಸಾಲಿಗೊಂದು ಅವರೆಯ ಅಕ್ಕಡಿ ಹಾಕುತ್ತಾರಲ್ಲ, ಹಾಗೆ. ನಾಲ್ಕು ಪರಮಾಣುಗಳಿಗೊಮ್ಮೆ ಎಲೆಕ್ಟ್ರಾನ್ ಕೊರತೆಯ ಒಂದು ಸಾಲು, ನಡುವೆ ಕಾಂತೀಯ ಪಟ್ಟಿ. ಒಂದು ಪದರದಲ್ಲಿ ಉದ್ದಕ್ಕೆ, ಅದರ ಮೇಲಿನದರಲ್ಲಿ ಅಡ್ಡಕ್ಕೆ. ಪದರ ಪದರಕ್ಕೂ ಹೊಂದಾಣಿಕೆ ತಪ್ಪಿ ಸೂಪರ್‌ಕಂಡಕ್ಟರ್ ಗುಣ ಕುಸಿಯುತ್ತದೆ. ಇದರ ಹತ್ತಿರದ ಇನ್ನೊಂದು ವಸ್ತುವಿನಲ್ಲಿ ಟ್ರಾಂಕ್ವಾಡಾ ತಂಡ 1995ರಲ್ಲಿ ನ್ಯೂಟ್ರಾನ್ ಹಾಯಿಸಿ ಈ ಸಾಲುಗಳನ್ನು ತೋರಿಸಿತು.

2012ರಲ್ಲಿ ಇಟ್ರಿಯಂ ಬೆರೆತ ತಾಮ್ರದ ಆಕ್ಸೈಡ್‌ನಲ್ಲೂ ಇಂಥ ಜೋಡಣೆ ಎಕ್ಸ್-ರೇಗೆ ಸಿಕ್ಕಿತು. ತಣ್ಣಗಾದಂತೆ ಅದು ಬಲವಾಗುತ್ತದೆ. ಸೂಪರ್‌ಕಂಡಕ್ಟರ್ ಶುರುವಾದ ತಕ್ಷಣ ಕುಗ್ಗುತ್ತದೆ. ಕಾಂತಕ್ಷೇತ್ರ ಹಾಕಿ ಸೂಪರ್‌ಕಂಡಕ್ಟರ್ ಗುಣವನ್ನು ಕುಗ್ಗಿಸಿದರೆ ಮತ್ತೆ ತಲೆ ಎತ್ತುತ್ತದೆ. ಸಾಲಿಗೂ ಸೂಪರ್‌ಕಂಡಕ್ಟರ್ ಗುಣಕ್ಕೂ ಬೇಕಾದದ್ದು ಅದೇ ಎಲೆಕ್ಟ್ರಾನ್‌ಗಳು. ಈ ಜಗಳ ಬಿಡಿಸದೆ ಹೊಸ ತಂತಿ ಕೇಳಿದರೆ ಎಲ್ಲಿಂದ ತರೋಣ?

"ಆ ಸಾಲು ಕೆಡಿಸಿದ್ರೆ?" ಅಂತ ಆ ಲೈನ್‌ಮನ್ನರೇ ಮುಂದಕ್ಕೆ ಕೇಳಿದರು. ಊಟ ನಿಂತೇ ಹೋಯಿತು. ಕೆಡಿಸಿ ನೋಡಿದ್ದಾರೆ, ಅಂದೆ. 2011ರಲ್ಲಿ ಸಾಲು ಕಟ್ಟಿದ್ದ ಇಂಥದೇ ವಸ್ತುವಿಗೆ ಇನ್‌ಫ್ರಾರೆಡ್ ಲೇಸರ್ ಹೊಡೆದಾಗ, 10 ಕೆಲ್ವಿನ್‌ನಲ್ಲಿ, ಒಂದು ಕ್ಷಣ ಸೂಪರ್‌ಕಂಡಕ್ಟರ್‌ನ ಗುರುತು ಕಾಣಿಸಿಕೊಂಡಿತು.