ಅಜ್ಜಿಯ ರಾಗಿಕಲ್ಲಿಗೆ ಉಳಿ ಹಾಕಿಸಿದ್ದು

ಅಜ್ಜಿಯ ರಾಗಿಕಲ್ಲು ಹೋದ ವರ್ಷ ಬೆಂಗಳೂರಿಗೆ ಬಂತು. ಮಾಗಡಿ ಹತ್ತಿರದ ನಮ್ಮೂರಿನಲ್ಲಿ ಹಳೇ ಮನೆ ಬಿಚ್ಚುವಾಗ ಅದನ್ನು ಹಿತ್ತಲಿಗೆ ಉರುಳಿಸಿದ್ದರು. ಮೇಲಿನ ಕಲ್ಲು ಬೇಲಿಯ ಹತ್ತಿರ ಬಿದ್ದಿತ್ತು. ಕೆಳಗಿನ ಕಲ್ಲಿನ ಮೇಲೆ ಯಾರೋ ಹೂವಿನ ಕುಂಡ ಇಟ್ಟಿದ್ದರು. ಎರಡನ್ನೂ ತೊಳೆದು, ಗೋಣಿಚೀಲದಲ್ಲಿ ಸುತ್ತಿ, ಇಬ್ಬರು ಹಿಡಿದು ಕಾರಿನ ಡಿಕ್ಕಿಗೆ ಹಾಕಿದೆವು.

ಮನೆಗೆ ತಂದ ಮಾರನೇ ದಿನವೇ ಅರ್ಧ ಸೇರು ರಾಗಿ ಹಾಕಿ ಬೀಸಿದೆ. ಕಲ್ಲು ಚೆನ್ನಾಗಿಯೇ ತಿರುಗಿತು. ಆದರೆ ಅಂಚಿನಿಂದ ಉದುರಿದ್ದು ಹಿಟ್ಟಲ್ಲ. ಅರ್ಧ ನುಚ್ಚು, ಇನ್ನರ್ಧ ಹಾಗೇ ಇದ್ದ ಕಾಳು. ಎರಡನೇ ಸಲ ಹಾಕಿದೆ, ಮೂರನೇ ಸಲ ಹಾಕಿದೆ. ತೋಳು ಸೋತು ಹೋಯಿತು.

ಅಮ್ಮ ಬಂದು ಮೇಲಿನ ಕಲ್ಲನ್ನು ಮಗುಚಿಸಿ, ತಳದ ಮೇಲೆ ಅಂಗೈ ಆಡಿಸಿದರು.

"ನುಣ್ಣಗಾಗಿದೆ ಕಣೇ. ಹಲ್ಲಿಲ್ಲದ ಬಾಯಲ್ಲಿ ಕಡಲೆ ಅಗಿದ ಹಾಗೆ ಆಗ್ತಿದೆ. ಉಳಿ ಹಾಕಿಸಬೇಕು."

ಭಾರವಾದ ಕಲ್ಲು ಕಾಳನ್ನು ಅದುಮಿ ಪುಡಿ ಮಾಡುತ್ತದೆ ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಬರೀ ಭಾರ ಸಾಲದು. ಎರಡೂ ಕಲ್ಲಿನ ಮುಖದ ಮೇಲೆ ಉಳಿಯಿಂದ ಹೊಡೆದ ಸಣ್ಣ ಸಣ್ಣ ಗುಳಿಗಳಿರುತ್ತವೆ. ಆ ಗುಳಿಗಳ ಅಂಚೇ ಹಲ್ಲು. ಮೇಲಿನ ಅಂಚು ಕೆಳಗಿನ ಅಂಚನ್ನು ದಾಟುವಾಗ ನಡುವೆ ಸಿಕ್ಕ ಕಾಳು ಹರಿದು ಹೋಗುತ್ತದೆ. ರಾಗಿಗೆ ಇದು ಇನ್ನೂ ಮುಖ್ಯ. ಕಾಳು ತೀರಾ ಸಣ್ಣದು, ತೌಡು ಕಾಳಿಗೆ ಅಂಟಿಕೊಂಡಿರುತ್ತದೆ. ಭತ್ತವನ್ನು ಒನಕೆಯಲ್ಲಿ ಕುಟ್ಟಿ ಸಿಪ್ಪೆ ಬಿಡಿಸಿ ಅಕ್ಕಿ ಮಾಡಿದ ಹಾಗೆ ರಾಗಿಯನ್ನು ಮಾಡಲು ಬರುವುದಿಲ್ಲ. ಅದಕ್ಕೇ ಇಡೀ ಕಾಳನ್ನೇ ಬೀಸಬೇಕು. ನಮ್ಮ ಕಡೆ ಮುದ್ದೆಗೂ ಹಿಟ್ಟು ಅಂತಲೇ ಹೆಸರು. ಬೀಸಿದ್ದೂ ಹಿಟ್ಟು, ಉಂಡದ್ದೂ ಹಿಟ್ಟು.

ಉಳಿ ಹಾಕುವವರನ್ನು ಹುಡುಕಲು ಎರಡು ತಿಂಗಳು ಬೇಕಾಯಿತು. ನಾನು ಚಿಕ್ಕವಳಿದ್ದಾಗ ಅವರೇ ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದರು. ಹೆಗಲ ಚೀಲದಲ್ಲಿ ನಾಲ್ಕೈದು ಉಳಿ, ಒಂದು ಸುತ್ತಿಗೆ. ಒರಳುಕಲ್ಲು ಜಗುಲಿಯ ಮೇಲೆ ಬರುತ್ತಿತ್ತು. ನಾವು ಮಕ್ಕಳು ಚೂರು ಕಣ್ಣಿಗೆ ಸಿಡಿಯುತ್ತದೆ ಅಂತ ಬೈಸಿಕೊಂಡು ದೂರ ನಿಲ್ಲುತ್ತಿದ್ದೆವು. ಆ ಕೂಗು ಯಾವಾಗ ನಿಂತಿತು ಅಂತ ಯಾರಿಗೂ ನೆನಪಿಲ್ಲ.

ಕೊನೆಗೆ ರಾಮನಗರದ ಕಡೆ ಒಬ್ಬರು ಸಿಕ್ಕರು. ಭೋವಿ ಸಮುದಾಯದ ಹಿರಿಯರು, ವಯಸ್ಸು ಎಪ್ಪತ್ತು ದಾಟಿದೆ. ಈಗ ಬೇಲಿಗೆ ಕಲ್ಲುಕಂಬ, ಮನೆಗೆ ಸೈಜುಗಲ್ಲು ಒಡೆಯುತ್ತಾರೆ. ನಾನು ಅವರನ್ನು ತಾತ ಅಂತಲೇ ಕರೆದೆ. ಫೋನಿನಲ್ಲಿ ಅವರು ಕೇಳಿದ ಮೊದಲ ಮಾತು ಹಣದ್ದಲ್ಲ. "ಕಲ್ಲು ಯಾವ ಬಣ್ಣ ತಾಯಿ? ಬೂದಿಯಾ, ಕೆಂಪಾ?"

ಆ ಪ್ರಶ್ನೆ ಯಾಕೆ ಅಂತ ಅವರ ಜೊತೆ ಬಂಡೆಯ ಹತ್ತಿರ ಹೋದಾಗ ಗೊತ್ತಾಯಿತು. ಟಿಪ್ಪುವಿನ ನಂತರ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ರಾಮನಗರಕ್ಕೆ ಮೊದಲು ಕ್ಲೋಸ್‌ಪೇಟೆ ಅಂತ ಹೆಸರಿತ್ತು. ಊರಿನ ಹೆಸರು ಬದಲಾಯಿತು, ಬಂಡೆಯ ಹೆಸರು ಬದಲಾಗಲಿಲ್ಲ. ಭೂವಿಜ್ಞಾನಿಗಳು ಈಗಲೂ ಇದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಅಂತಲೇ ಕರೆಯುತ್ತಾರೆ. ಸುಮಾರು 250 ಕೋಟಿ ವರ್ಷದ ಕಲ್ಲು. ದಕ್ಷಿಣದಿಂದ ಉತ್ತರಕ್ಕೆ ಒಂದು ಪಟ್ಟಿಯ ಹಾಗೆ ನೂರಾರು ಕಿಲೋಮೀಟರ್ ಹಬ್ಬಿದೆ. ಇದರಲ್ಲಿ ಹಲವು ಕಡೆ ಹೆಬ್ಬೆರಳು ಗಾತ್ರದ ಕೆಂಪು ಹರಳುಗಳಿವೆ. ನೋಡಲು ಬಲು ಚೆಂದ. ತಾತನಿಗೆ ಮಾತ್ರ ಬೀಸುವ ಕಲ್ಲಿಗೆ ಅದು ಬೇಡ. "ದೊಡ್ಡ ಹರಳು ಪಕ್ಕನೆ ಕಿತ್ತು ಬರುತ್ತೆ. ಸಣ್ಣ ಕಣದ ಬೂದಿ ಕಲ್ಲೇ ಆಗಬೇಕು. ತಟ್ಟಿದರೆ ಗಂಟೆ ಥರ ಸದ್ದು ಬರಬೇಕು. ಮೊದ್ದು ಸದ್ದು ಬಂದರೆ ಒಳಗೆ ಬಿರುಕಿದೆ ಅಂತ ಲೆಕ್ಕ."

ಬಂಡೆ ಒಡೆಯುವುದನ್ನೂ ತೋರಿಸಿದರು. ಒಂದೇ ಗೆರೆಯಲ್ಲಿ ಗೇಣಿಗೊಂದರಂತೆ ಗುಳಿ ತೋಡಿ, ಪ್ರತಿ ಗುಳಿಗೂ ಕಬ್ಬಿಣದ ಬೆಣೆ ಇಟ್ಟು, ಈ ತುದಿಯಿಂದ ಆ ತುದಿಗೆ ಒಂದೊಂದೇ ಏಟು ಹಾಕುತ್ತಾ ಹೋಗುವುದು. ಏಟಿನ ಸದ್ದು ಬದಲಾಗುವುದನ್ನು ಕೇಳುತ್ತಿರಬೇಕು. ಹಂಪಿಗೆ ಹೋದವರು ಬಂಡೆಗಳ ಅಂಚಿನಲ್ಲಿ ಹಲ್ಲಿನ ಸಾಲಿನ ಹಾಗೆ ಕಾಣುವ ಗುಳಿಗಳನ್ನು ನೋಡಿರುತ್ತೀರಿ. ಅದು ಇದೇ ಕೆಲಸದ ಗುರುತು.

ಬೆಂಕಿಯಿಂದ ಒಡೆಯುವ ದಾರಿಯೂ ಇತ್ತು. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷಲ್ ಸುಮಾರು 1830ರಲ್ಲಿ ಶ್ರೀರಂಗಪಟ್ಟಣದ ಹತ್ತಿರದ ಕಲ್ಲು ಕ್ವಾರಿಗಳ ಬಗ್ಗೆ ಬರೆದಿದ್ದಾನೆ. ಬಂಡೆಯ ಮೇಲೆ ಎರಡು ಅಂಗುಲ ಆಳದ ಗೆರೆ ಕೊರೆಯುತ್ತಿದ್ದರು. ಗೆರೆಯುದ್ದಕ್ಕೂ ಬೆಂಕಿ ಹಾಕಿ ಕಾಯಿಸುತ್ತಿದ್ದರು. ಆಮೇಲೆ ಗಂಡಸರು ಹೆಂಗಸರು ಸಾಲಾಗಿ ನಿಂತು, ಬೂದಿ ಗುಡಿಸಿ, ಎಲ್ಲರೂ ಒಟ್ಟಿಗೆ ಒಂದೊಂದು ಮಡಕೆ ತಣ್ಣೀರು ಸುರಿಯುತ್ತಿದ್ದರು. ಬಂಡೆ ಗೆರೆ ಹಿಡಿದು ಸೀಳುತ್ತಿತ್ತು. ಹೀಗೆ ಆರು ಅಡಿ ದಪ್ಪದ, 80 ಅಡಿಗೂ ಉದ್ದದ ಕಲ್ಲು ಎಬ್ಬಿಸುತ್ತಿದ್ದರಂತೆ. ಕಲ್ಲಿನ ಕೆಲಸ ಅಂದರೆ ನಾವು ಗಂಡಸರನ್ನೇ ನೆನೆಯುತ್ತೇವೆ. ಆ ಸಾಲಿನಲ್ಲಿ ಮಡಕೆ ಹಿಡಿದು ನಿಂತ ಹೆಂಗಸರೂ ಇದ್ದರು ಅನ್ನುವುದು ನನ್ನ ಮನಸ್ಸಿನಿಂದ ಹೋಗುತ್ತಲೇ ಇಲ್ಲ.

ತಾತ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದರು. ಹಿಂದಿನ ರಾತ್ರಿಯೇ ಕುಲುಮೆಯಲ್ಲಿ ಎಂಟು ಉಳಿಗಳ ಮೊನೆ ತಟ್ಟಿಸಿಕೊಂಡು ತಂದಿದ್ದರು. ಎಂಟು ಯಾಕೆ ಅಂತ ಕೇಳಲಿಲ್ಲ. ಮೊದಲ ಉಳಿ ಹತ್ತು ನಿಮಿಷಕ್ಕೇ ಮೊಂಡಾದಾಗ ಗೊತ್ತಾಯಿತು.

ಮೊದಲು ಮೇಲಿನ ಕಲ್ಲನ್ನು ಬಿಸಿಲಿಗೆ ಓರೆಯಾಗಿ ನಿಲ್ಲಿಸಿ ನೋಡಿದರು. ಸವೆದ ಜಾಗ ಹೊಳೆಯುತ್ತದೆ. ನಮ್ಮ ಕಲ್ಲಿನ ಹೊರಗಿನ ಅಂಚು ಸುತ್ತಲೂ ನಾಲ್ಕು ಬೆರಳಗಲ ಹೊಳೆಯುತ್ತಿತ್ತು. ನುಣ್ಣಗೆ ಬೀಸುವ ಕೆಲಸವೆಲ್ಲ ಆಗುವುದು ಅಲ್ಲೇ. ಮೇಲಿನ ಕಲ್ಲಿನ ತಳ ಸ್ವಲ್ಪ ತಗ್ಗು, ಕೆಳಗಿನ ಕಲ್ಲಿನ ನೆತ್ತಿ ಸ್ವಲ್ಪ ಉಬ್ಬು. ಆದರೂ ಎರಡರ ನಡುವಿನ ಸಂದು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಕಾಳು ಹಾಕುವ ಬಾಯಿಯ ಹತ್ತಿರ ಜಾಸ್ತಿ, ಹೊರಗೆ ಬರುತ್ತಾ ಕಿರಿದು. ಬಾಯಿಯ ಹತ್ತಿರ ಕಾಳು ಒಡೆಯುತ್ತದೆ, ನಡುವೆ ನುಚ್ಚಾಗುತ್ತದೆ, ಅಂಚಿಗೆ ಬಂದಾಗ ಹಿಟ್ಟಾಗುತ್ತದೆ. ಅದಕ್ಕೆ ತಕ್ಕ ಹಾಗೆ ಗುಳಿಗಳು. ಒಳಗೆ ದೊಡ್ಡವು, ದೂರ ದೂರ. ಅಂಚಿನಲ್ಲಿ ಸಣ್ಣವು, ಒತ್ತೊತ್ತು. ಎಲ್ಲೂ ಅಳತೆ ಇಲ್ಲ. ಎಡಗೈ ಉಳಿಯನ್ನು ಕೂದಲೆಳೆಯಷ್ಟು ಸರಿಸುತ್ತದೆ, ಬಲಗೈಯ ಸುತ್ತಿಗೆ ಬೀಳುತ್ತದೆ. ಟಕ್ ಟಕ್ ಟಕ್. ಮೂರು ಗಂಟೆ.

ಮೇಲಿನ ಕಲ್ಲಿನಲ್ಲಿ ಗೂಟದ ತೂತಿನ ಎದುರು ಬದಿಗೆ ಇನ್ನೊಂದು ತೂತು ಇತ್ತು. ಅಂಚು ಒಡೆದು, ಮಣ್ಣು ಮೆತ್ತಿಕೊಂಡಿತ್ತು. ನಾನು ಅದನ್ನು ಗಮನಿಸಿರಲೇ ಇಲ್ಲ. ತಾತ ಬೆರಳು ಹಾಕಿ ಮಣ್ಣು ಕೆದರಿದರು. "ಇದು ಮೊದಲನೇ ಗೂಟದ್ದು. ಹಿಡಿದು ಹಿಡಿದು ತೂತು ಸಡಿಲವಾಗಿ ಒಡೆದಿದೆ. ಆಮೇಲೆ ಯಾರೋ ಈ ಕಡೆ ಕೊರೆದಿದ್ದಾರೆ." ಅಮ್ಮ ತಾವು ಕಂಡಾಗಿನಿಂದ ಗೂಟ ಈಗಿನ ಕಡೆಯೇ ಇತ್ತು ಅಂದರು. ಅಂದರೆ ಅಜ್ಜಿಗಿಂತ ಮುಂಚಿನ ಕೈಗಳು. ಕಲ್ಲಿನಲ್ಲಿ ತೂತು ಸವೆಯಬೇಕಾದರೆ ಎಷ್ಟು ಸಾವಿರ ನಸುಕು ಬೇಕು?

ಹೋದ ಚಳಿಗಾಲದಲ್ಲಿ ಬಳ್ಳಾರಿ ಹತ್ತಿರದ ಸಂಗನಕಲ್ಲಿಗೆ ಹೋಗಿದ್ದೆ. ಅಲ್ಲಿನ ಬೆಟ್ಟಗಳಲ್ಲಿ ನಾಲ್ಕು ಸಾವಿರ ವರ್ಷ ಹಿಂದಿನ ನವಶಿಲಾಯುಗದ ಜನ ಇದ್ದರು. ಕಲ್ಲಿನ ಕೊಡಲಿ ಮಾಡುತ್ತಿದ್ದರು. ಅವರ ಬೂದಿಯಲ್ಲಿ, ಮಣ್ಣಿನಲ್ಲಿ ಕೊರಲೆ, ಹುರುಳಿ, ಹೆಸರುಕಾಳು ಸಿಕ್ಕಿವೆ. ಬಂಡೆಗಳ ಮೇಲೆ ಅರೆದು ಅರೆದು ಬಿದ್ದ ಗುಳಿಗಳಿವೆ, ನುಣ್ಣಗೆ, ಬಟ್ಟಲಿನ ಹಾಗೆ. ಒಂದರೊಳಗೆ ಕೈ ಇಟ್ಟೆ. ಅಂಗೈ ಸರಿಯಾಗಿ ಕೂತಿತು. ಆಗಿನ್ನೂ ತಿರುಗಿಸುವ ಕಲ್ಲು ಇರಲಿಲ್ಲ. ಮಂಡಿಯೂರಿ ಕೂತು ಕೈಗಲ್ಲನ್ನು ಹಿಂದೆ ಮುಂದೆ ಉಜ್ಜಬೇಕು. ಸುತ್ತುವ ಬೀಸುಕಲ್ಲು ಪ್ರಪಂಚದಲ್ಲಿ ಕಾಣಿಸಿಕೊಂಡು ಸುಮಾರು 2500 ವರ್ಷವಾಗಿದೆ ಅಷ್ಟೇ. ಅದಕ್ಕೂ ಮುಂಚೆ ಸಾವಿರಾರು ವರ್ಷ ಮಂಡಿ ಸವೆಸಿಯೇ ಹಿಟ್ಟು ಮಾಡಿದ್ದಾರೆ. ಕೂತಲ್ಲೇ ಒಂದು ಗೂಟ ಹಿಡಿದು ತಿರುಗಿಸುವುದು ಎಷ್ಟು ದೊಡ್ಡ ಬಿಡುಗಡೆ, ಅಲ್ವಾ? ಅಂದ ಹಾಗೆ ರಾಗಿ ಇಲ್ಲಿಯದಲ್ಲ, ಆಫ್ರಿಕಾದ ಪೂರ್ವದಿಂದ ಬಂದದ್ದು. ಮಂಡ್ಯದ ಕೃಷಿ ಸಂಶೋಧನಾ ಫಾರಂನಲ್ಲಿ ರಾಗಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಇಲ್ಲಿಯ ರಾಗಿಗೆ ಅಲ್ಲಿಯ ರಾಗಿ ಬೆರೆಸಿ ಮಾಡಿದ ತಳಿಗಳಿಗೆ ಇಂಡಾಫ್ ಅಂತ ಹೆಸರು ಬಂದದ್ದು ಇಂಡಿಯಾ, ಆಫ್ರಿಕಾ ಎರಡೂ ಸೇರಿ.

ಬೀಸಿದವರ, ಕುಟ್ಟಿದವರ ಹೆಸರು ನಮಗೆ ಸಿಗುವುದು ಬಹಳ ಅಪರೂಪ. 12ನೇ ಶತಮಾನದ ವಚನಕಾರ್ತಿ ಕೊಟ್ಟಣದ ಸೋಮಮ್ಮ ಒಬ್ಬಳು. ಕೊಟ್ಟಣ ಕುಟ್ಟುವುದು, ಅಂದರೆ ಭತ್ತ ಕುಟ್ಟಿ ಅಕ್ಕಿ ಮಾಡುವುದೇ ಅವಳ ಕಾಯಕ, ಅದೇ ಅವಳ ಹೆಸರಾಯಿತು. ಆಮೇಲಿನವರು ಹಾಡು ಬಿಟ್ಟು ಹೋದರು, ಹೆಸರು ಬಿಡಲಿಲ್ಲ. ಬೀಸುವಾಗ ಕಟ್ಟಿದ ಮೂರು ಸಾಲಿನ ಪದಗಳನ್ನು ವಿಜಾಪುರದ ಕಡೆ ಹಲಸಂಗಿ ಗೆಳೆಯರು ಅನ್ನುವ ಸಾಹಿತಿಗಳ ಗುಂಪಿನವರು 1930ರ ಸುಮಾರಿಗೆ ಓಡಾಡಿ ಬರೆದುಕೊಳ್ಳದಿದ್ದರೆ ಎಷ್ಟು ಹೋಗಿಬಿಡುತ್ತಿದ್ದವೋ. ಕಲ್ಲು ಕಡಿದವರದ್ದಂತೂ ಹೆಸರೂ ಇಲ್ಲ, ಹಾಡೂ ಇಲ್ಲ.

ನಮ್ಮೂರಿಗೆ ಹಿಟ್ಟಿನ ಮಿಲ್ ಬಂದದ್ದು ಅಮ್ಮನ ಬಾಲ್ಯದಲ್ಲಿ. ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿತು. ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ. ಹಳ್ಳಿಯ ಸರದಿ ಬಹಳ ತಡ. ಹಾಗಾಗಿ ಮೊದಲು ಬಂದದ್ದು ಡೀಸೆಲ್ ಎಂಜಿನ್ನು. ಕುಕ್ ಕುಕ್ ಕುಕ್ ಅನ್ನುವ ಸದ್ದು ಕೇಳಿದರೆ ಮೈಲಿ ದೂರದಿಂದ ಜನ ತಲೆ ಮೇಲೆ ರಾಗಿ ಹೊತ್ತು ಬರುತ್ತಿದ್ದರಂತೆ. ಅದರ ಒಳಗೂ ಎರಡು ಕಲ್ಲೇ. ಬಂಡೆಯಿಂದ ಕಡಿದದ್ದರ ಬದಲು ಎಮರಿ ಅನ್ನುವ ಗಟ್ಟಿ ಕಲ್ಲಿನ ಹರಳುಗಳನ್ನು ಗಾರೆಯಲ್ಲಿ ಕಲಸಿ ಎರಕ ಹೊಯ್ದದ್ದು, ಅಷ್ಟೇ. ಅದಕ್ಕೂ ಆಗಾಗ ಉಳಿ ಬೇಕು. ಎಮರಿಯಲ್ಲಿ ಗಟ್ಟಿ ಇರುವುದು ಕುರುಂದ ಅನ್ನುವ ಖನಿಜ. ಇಂಗ್ಲಿಷಿನ ಕೊರಂಡಮ್ ಅನ್ನುವ ಹೆಸರು ತಮಿಳಿನ ಕುರುಂದದಿಂದಲೇ ಹೋದದ್ದು.

ಅಜ್ಜಿ ಮಿಲ್ಲನ್ನು ಒಂದು ದಿನವೂ ಬೈದವರಲ್ಲ. ಕೋಳಿ ಕೂಗುವ ಮುಂಚೆ ಎದ್ದು ಹನ್ನೆರಡು ಜನರಿಗೆ ಬೀಸಿದವರು ಯಾಕೆ ಬೈತಾರೆ? ಹಳೇ ಕಾಲ ಚೆನ್ನಾಗಿತ್ತು ಅಂತ ಸುಮ್ನೆ ಹೇಳುವುದು ನನಗೆ ಇಷ್ಟವಿಲ್ಲ. ಆ ತೋಳಿನ ನೋವು ಈಗ ನನಗೂ ಗೊತ್ತು.

ತಾತನ ಎದೆಯ ನೋವೂ ಗೊತ್ತಾಯಿತು. ಪ್ರತಿ ಅರ್ಧ ಗಂಟೆಗೆ ಕೆಲಸ ನಿಲ್ಲಿಸಿ ಕೆಮ್ಮುತ್ತಿದ್ದರು. ಗ್ರಾನೈಟಿನಲ್ಲಿ ಬೆಣಚಿನ ಅಂಶ ಬಹಳ. ಅದರ ಸಣ್ಣ ದೂಳು ಶ್ವಾಸಕೋಶದೊಳಗೆ ಕೂತರೆ ಅಲ್ಲಿ ಗಾಯವಾಗಿ, ಗಟ್ಟಿಯಾಗುತ್ತಾ ಹೋಗುತ್ತದೆ. ಸಿಲಿಕೋಸಿಸ್. ಹಾಳಾದದ್ದನ್ನು ಸರಿಮಾಡುವ ಔಷಧಿ ಇಲ್ಲ. ತಾತನ ಇಬ್ಬರು ಅಣ್ಣಂದಿರು ಐವತ್ತು ದಾಟಲಿಲ್ಲವಂತೆ. ನಾನು ಕೊಟ್ಟ ಮಾಸ್ಕನ್ನು ಹಾಕಿಕೊಂಡರು. ಕಲ್ಲಿಗೆ ನೀರು ಚಿಮುಕಿಸಿ ಚಿಮುಕಿಸಿ ಹೊಡೆಯಿರಿ ಅಂದೆ, ಅದನ್ನೂ ಮಾಡಿದರು. "ಮೊದಲೇ ಯಾರಾದರೂ ಹೇಳಿದ್ರೆ ಆಗಿತ್ತು ತಾಯಿ" ಅಂದರು. ನನಗೆ ಮಾತು ಬರಲಿಲ್ಲ.

ಕೆಲಸ ಮುಗಿದ ಮೇಲೆ ಕಲ್ಲನ್ನು ತಿಕ್ಕಿ ತೊಳೆದು ಒಣಗಿಸಿದೆವು. ಮೊದಲು ತೌಡು ಹಾಕಿ ಮೂರು ಸಲ ಬೀಸಿಸಿದರು. ಅದರಲ್ಲಿ ಕಲ್ಲಿನ ಪುಡಿ ಇರುತ್ತದೆ, ದನಕ್ಕೂ ಹಾಕಬೇಡಿ ಅಂತ ಹೇಳಿ ಗುಂಡಿಗೆ ಸುರಿಸಿದರು. ಆಮೇಲೆ ರಾಗಿ. ಬಾಯಿಗೆ ಒಂದು ಹಿಡಿ ಹಾಕಿ ತಿರುಗಿಸಿದೆ. ಕಲ್ಲಿನ ಸದ್ದೇ ಬೇರೆಯಾಗಿತ್ತು. ಮೊದಲು ಜಾರುತ್ತಿತ್ತು, ಈಗ ಹಿಡಿದು ಹಿಡಿದು ಬಿಡುತ್ತಿತ್ತು. ಅಂಚಿನ ಸುತ್ತ ಹಿಟ್ಟು ಮೆಲ್ಲಗೆ ಕಟ್ಟಿಕೊಂಡಿತು. ಅಮ್ಮ ಎರಡು ಬೆರಳಲ್ಲಿ ಉಜ್ಜಿ ನೋಡಿ, ಒಂದರಿ ತರಲು ಒಳಗೆ ಹೋದರು.

ಈಗ ಭಾನುವಾರ ಮಾತ್ರ ಬೀಸುತ್ತೇನೆ. ಅರ್ಧ ಕೆಜಿಗೆ ನಲವತ್ತು ನಿಮಿಷ. ಉಳಿದ ದಿನ ಮಿಲ್ ಹಿಟ್ಟೇ. ಕಲ್ಲಿಗೆ ಮತ್ತೆ ಉಳಿ ಬೇಕಾಗುತ್ತದೆ, ಆದರೆ ತಾತನಿಗೆ ಈಗ ಕಣ್ಣು ಮಂಜಾಗಿದೆ. ಅವರ ಮಗ ಪಾಲಿಶ್ ಮಿಷನ್ ಕೆಲಸಕ್ಕೆ ಹೋಗುತ್ತಾನೆ. ಬೀಸುವ ಕಲ್ಲು ಅವನು ಕೈಯಲ್ಲಿ ಮುಟ್ಟಿಲ್ಲ. ಹೋದ ತಿಂಗಳು ತಾತ ಎರಡು ಉಳಿ, ಒಂದು ಸಣ್ಣ ಸುತ್ತಿಗೆ ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಹಿತ್ತಲಲ್ಲಿದ್ದ ಒಡೆದ ಒರಳಿನ ಮೇಲೆ ದಿನಕ್ಕೆ ಹದಿನೈದು ನಿಮಿಷ ಹೊಡೆಯುತ್ತಿದ್ದೇನೆ, ಮಾಸ್ಕ್ ಹಾಕಿಕೊಂಡು, ನೀರು ಚಿಮುಕಿಸಿಕೊಂಡು. ಸಂಜೆ ಫೋಟೋ ತೆಗೆದು ಅವರ ಮೊಮ್ಮಗಳ ಫೋನಿಗೆ ಕಳಿಸುತ್ತೇನೆ. ನಿನ್ನೆ ಉತ್ತರ ಬಂತು: "ತಾತ ಹೇಳ್ತಿದ್ದಾರೆ, ಗುಳಿ ಆಳ ಜಾಸ್ತಿ ಆಗಿದೆಯಂತೆ. ಉಳಿ ಇನ್ನೂ ಓರೆ ಹಿಡೀಬೇಕಂತೆ."